ಆಂಟಿಯ ಬಾಯಲ್ಲಿ ಇಡೀ ಆಫ್ರಿಕಾ

ಹೋದ ತಿಂಗಳು ಡೆಟ್ರಾಯಿಟ್ ಪಕ್ಕದ ಸೌತ್‌ಫೀಲ್ಡಿನಿಂದ ಒಂದು ಆಮಂತ್ರಣ ಬಂತು. ಆಂಟಿ ಕೆಲಸದಿಂದ ನಿವೃತ್ತರಾಗುತ್ತಿದ್ದಾರೆ. ಬರುವವರೆಲ್ಲ ಹಸಿರು ಬಟ್ಟೆಯಲ್ಲಿ ಬರಬೇಕು, ಮೈಕಿನ ಮುಂದೆ ಎರಡು ಮಾತಾಡಬೇಕು. ಹಸಿರು ಬಟ್ಟೆ ಹುಡುಕುವ ಹೊಣೆಯನ್ನು ನನ್ನ ಹೆಂಡತಿ ಹೊತ್ತಳು. ಎರಡು ಮಾತಿನ ಹೊಣೆ ನನ್ನದಾಯಿತು. ಆಂಟಿ ತಮ್ಮ ಆಯುಷ್ಯದಲ್ಲಿ ಎರಡು ಮಾತಿಗೆ ನಿಲ್ಲಿಸಿದ್ದನ್ನು ಯಾರೂ ಕಂಡಿರಲಿಕ್ಕಿಲ್ಲ, ಅತಿಥಿಗಳಿಗೆ ಮಾತ್ರ ಈ ಕಟ್ಟುನಿಟ್ಟು.

ಆಂಟಿ ಎಂದರೆ ನಮ್ಮವರಲ್ಲ. ನೈಜೀರಿಯಾದ ಇಬಾದಾನ್ ಎಂಬ ಊರಿನವರು, ಯೊರುಬಾ ಮನೆಮಾತಿನವರು. ಶಿಕಾಗೊ ಪಕ್ಕದ ಡೌನರ್ಸ್ ಗ್ರೋವಿನ ಆಫೀಸಿನಲ್ಲಿ ಮೊದಲ ದಿನ ನಾನು ಅಮೆರಿಕದ ರಿವಾಜಿನಂತೆ ಅವರನ್ನು ಹೆಸರು ಹಿಡಿದು ಕರೆದೆ. ಅವರು ಕನ್ನಡಕದ ಮೇಲಿನಿಂದ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

"ನಿಮ್ಮ ಊರಾಗ ಅವ್ವನ ವಾರಿಗಿಯವರನ್ನ ಹೆಸರು ಹಿಡದು ಕರೀತಾರೇನೋ ತಮ್ಮಾ?"

"ಇಲ್ಲ."

"ಮತ್ತ?"

ಅವತ್ತಿನಿಂದ ಅವರು ಆಂಟಿ. ಅವರ ಊರಲ್ಲೂ ಹಿರಿಯರನ್ನು ಆಂಟಿ, ಅಂಕಲ್ ಎಂದೇ ಕರೆಯುತ್ತಾರಂತೆ. ಇಂಗ್ಲಿಷರು ನಮ್ಮಿಬ್ಬರಿಗೂ ಬಿಟ್ಟುಹೋದದ್ದರಲ್ಲಿ ಸರಿಯಾಗಿ ಉಪಯೋಗಕ್ಕೆ ಬಂದದ್ದು ಇದೊಂದೇ ಇರಬೇಕು.

ಒಂದು ಮಾತು ಹೇಳಿಬಿಡುತ್ತೇನೆ. ಆಂಟಿ ನನ್ನೊಡನೆ ಆಡಿದ್ದೆಲ್ಲ ಇಂಗ್ಲಿಷಿನಲ್ಲಿ. ಅದನ್ನು ಕನ್ನಡಕ್ಕೆ ತರಲು ಹೊರಟರೆ ನನ್ನ ಹುಬ್ಬಳ್ಳಿಯ ಮಾತೇ ಬಾಯಿಗೆ ಬರುತ್ತದೆ. ಮೈಸೂರಿನವಳಾದ ನನ್ನ ಹೆಂಡತಿಗೆ ಇದು ಒಪ್ಪಿಗೆಯಿಲ್ಲ. "ಅವರೇನು ಯಾವಾಗ್ಲೂ ಜಗಳಕ್ಕೆ ಬಂದೋರ ಥರ ಮಾತಾಡ್ತಿದ್ರಾ?" ಎನ್ನುತ್ತಾಳೆ. ಜಗಳಕ್ಕೆ ಬಂದವರಂತೆ ಪ್ರೀತಿ ಮಾಡುವ ಜನ ಹುಬ್ಬಳ್ಳಿಯಲ್ಲೂ ಇದ್ದಾರೆ, ಇಬಾದಾನಿನಲ್ಲೂ ಇದ್ದಾರೆ. ಮೈಸೂರಿನವರಿಗೆ ಅದನ್ನು ತಿಳಿಸಿ ಹೇಳುವುದು ಕಷ್ಟ.

ಅದು ರಿಸೆಷನ್ನಿನ ಕಾಲ. ಡೆಟ್ರಾಯಿಟಿನ ಕಾರು ಕಂಪನಿಗಳು ಮಂಡಿಯೂರಿದ್ದವು. ಅಲ್ಲಿ ಕೆಲಸ ಕಳೆದುಕೊಂಡ ನಾನೂ ಆಂಟಿಯೂ ಬೇರೆ ಬೇರೆ ದಾರಿಯಿಂದ ಒಂದೇ ಆಫೀಸು ಸೇರಿದ್ದೆವು. ಡೆಟ್ರಾಯಿಟ್ ಕಡೆ ಮನೆ ಕೊಳ್ಳುವವರು ಯಾರೂ ಇರಲಿಲ್ಲವಾದ್ದರಿಂದ ಸಂಸಾರಗಳು ಅಲ್ಲೇ ಉಳಿದವು. ನಾವು ವಾರದ ದಿನ ಗ್ಲೆಂಡೇಲ್ ಹೈಟ್ಸಿನ ಬಾಡಿಗೆ ಕೋಣೆಗಳಲ್ಲಿದ್ದು, ಶುಕ್ರವಾರ ಆಂಟಿಯ ಹಳೆಯ ವ್ಯಾನಿನಲ್ಲಿ ಐ-94 ಹಿಡಿದು ಮನೆಗೆ ಹೋಗುತ್ತಿದ್ದೆವು. ನಮ್ಮ ಆಫೀಸಿನ ಅಕೌಂಟೆಂಟ್, ಘಾನಾ ದೇಶದವನು, ಹಿಂದಿನ ಸೀಟಿನಲ್ಲಿ ಕೂರುತ್ತಿದ್ದ. ಆಂಟಿಯ ಕೆಲಸ ಡೆಟ್ರಾಯಿಟಿನ ಪ್ಲಾಂಟುಗಳಿಂದ ಬರುವ ಬಿಡಿಭಾಗಗಳ ಗುಣಮಟ್ಟ ನೋಡುವುದು. ಅದೆಲ್ಲ ಫೋನಿನಲ್ಲೇ ನಡೆಯುತ್ತಿತ್ತು. ಬಾಯಿ ಹೋದರೆ ಕೆಲಸ ಹೋದಂತೆ.

ಆ ಬಾಯಿಯ ವಿಷಯಕ್ಕೆ ಬರೋಣ. ಇಂಡಿಯಾನಾ ದಾಟುವುದರೊಳಗೆ ಆಂಟಿಯ ನಾಟಕ ಶುರುವಾಗುತ್ತಿತ್ತು. ಸ್ಟೀರಿಂಗಿನ ಮೇಲೆ ಒಂದು ಕೈ, ಇನ್ನೊಂದು ಕೈಯಲ್ಲಿ ಇಡೀ ಆಫ್ರಿಕಾ. ಮೊದಲ ಬಲಿ ಹಿಂದಿನ ಸೀಟಿನವನು.

"ಈ ಘಾನಾದವರಿಗೆ 'ವರ್ಕ್' ಅನ್ನಾಕ ಬರೂದಿಲ್ಲ ನೋಡು. 'ವೆಕ್' ಅಂತಾರ. 'ಫಸ್ಟ್' ಅಲ್ಲ, 'ಫೆಸ್ಟ್'. ಬಾಯಿ ತಗದ್ರ ಜೇನುನೊಣ ಹೊಕ್ಕೀತು ಅಂತ ಅಂಜಿಕಿ."

ಅವನು ಸಾವಕಾಶವಾಗಿ ಉತ್ತರಿಸುತ್ತಿದ್ದ. "ನೈಜೀರಿಯಾದವರು 'ವಾಕ್' ಅಂತಾರೆ. ಅದಕ್ಕೇ ಅಲ್ಲಿ ಕೆಲಸಕ್ಕೆ ನಡೆದುಕೊಂಡೇ ಹೋಗ್ತಾರೆ, ಯಾರೂ ಸಮಯಕ್ಕೆ ಮುಟ್ಟೋದಿಲ್ಲ."

ಆಂಟಿ ತಮ್ಮ ದೇಶದವರನ್ನೂ ಬಿಡುತ್ತಿರಲಿಲ್ಲ. ಉತ್ತರದ ಹೌಸಾ ಜನ 'ಪೀಪಲ್' ಎನ್ನದೆ 'ಫೀಫುಲ್' ಎನ್ನುತ್ತಾರಂತೆ. ಆಂಟಿಯ ಇಬಾದಾನಿನವರು 'ಹೌಸ್' ಎನ್ನುವಲ್ಲಿ ಹಕಾರವನ್ನು ನುಂಗಿ 'ಔಸ್' ಎಂದು, ಉಳಿಸಿದ ಹಕಾರವನ್ನು ಮೊಟ್ಟೆಗೆ ಸೇರಿಸಿ 'ಹೆಗ್' ಎನ್ನುತ್ತಾರಂತೆ. ಇದನ್ನು ಕೇಳಿ ನಾನು ಮನೆಗೆ ಹೋದವನೇ ಹೆಂಡತಿಗೆ, "ನಿಮ್ಮ ಮೈಸೂರು ಕಡೆಯ ಆಲು, ಅಬ್ಬ ಎಲ್ಲಿಂದ ಬಂದವು ಅಂತ ಗೊತ್ತಾಯ್ತು" ಎಂದೆ. ಅವತ್ತು ರಾತ್ರಿ ನನಗೆ ತಣ್ಣನೆ ಅನ್ನ ಸಿಕ್ಕಿತು. ಆದರೆ ಆಂಟಿ ಕೆನ್ಯಾದ ಲುವೊ ಜನ 'ಫಿಶ್' ಎನ್ನಲಾರದೆ 'ಫಿಸ್' ಎನ್ನುವುದನ್ನು ಆಡಿ ತೋರಿಸಿದಾಗ ಏಟು ನನಗೇ ಬಿತ್ತು. ನಾನು ಕಲಿತದ್ದು ಶಾಲೆಯಲ್ಲಲ್ಲ, ಸಾಲಿಯಲ್ಲಿ. ಪೆಟ್ರೋಲ್ ಬಂಕಿನ ಇಥಿಯೋಪಿಯಾದವನು 'ಇಸ್ಪೀಡ್' ಎಂದಾಗ ನನ್ನ ಅಜ್ಜಿಯ ಇಸ್ಕೂಲು ನೆನಪಾಯಿತು. ಆಫ್ರಿಕಾ ಖಂಡವೆಲ್ಲ ಸೇರಿ ಇಂಗ್ಲಿಷಿಗೆ ಮಾಡಿದ್ದನ್ನು ನಾವು ಕರ್ನಾಟಕದೊಳಗೇ ಮಾಡಿ ಮುಗಿಸಿದ್ದೇವೆ.

ನನ್ನ ಅಣಕು ಮಾಡಲು ಆಂಟಿಗೆ ಹೆಚ್ಚು ದಿನ ಬೇಕಾಗಲಿಲ್ಲ. ತಲೆಯನ್ನು ಅತ್ತಿತ್ತ ಆಡಿಸಿ, ಪ್ರತಿ ಶಬ್ದದ ಕೊನೆಗೂ ಒಂದು ಉಕಾರ ಅಂಟಿಸಿ, "ಯೆಂಜಿನೀರು ಈಸು ಇನ್ನು ದ ಮೀಟಿಂಗು" ಎನ್ನುತ್ತಿದ್ದರು. ನಾವು ಟೆಲಿಫೋನಿಗೆ ಫೋನು ಎನ್ನುತ್ತೇವೆಂದು ನಾನು ಹೇಳಿದ ದಿನ ಅವರು ವ್ಯಾನನ್ನು ರಸ್ತೆಯ ಪಕ್ಕಕ್ಕೆ ಹಾಕಿಬಿಟ್ಟರು. ಯೊರುಬಾದಲ್ಲೂ ಅದು ಫೋನು! "ಬ್ರೆಡ್ಡಿಗೆ?" "ಬ್ರೆಡ್ಡು." "ನಮ್ಮದು ಬುರೆಡಿ. ಡಾಕ್ಟರಿಗೆ?" "ಡಾಕ್ಟ್ರು." "ಡೊಕಿಟ!" ಘಾನಾದವನು ಹಿಂದಿನಿಂದ ಮನೆಗೆ ಹೋಗಬೇಕು ಎಂದು ಗೋಗರೆಯುವವರೆಗೂ ನಾವು ಸಂಬಂಧ ಬೆಸೆಯುತ್ತಲೇ ಇದ್ದೆವು. ಆ ಸಂತೋಷದಲ್ಲಿ ನಾನು ಅವರಿಗೆ ಒಂದು ಕನ್ನಡದ ಪ್ರಶ್ನೆಯನ್ನೂ ಅದರ ಉತ್ತರವನ್ನೂ ಕಲಿಸಿದೆ: ಊಟ ಆತೇನು? ಆತು, ನಿಂದು?

ಒಂದು ಶುಕ್ರವಾರ ಹಿಮ ಬಿದ್ದು ದಾರಿ ಕಟ್ಟಿತು. ಮನೆಗೆ ಹೋಗಲಾರದೆ ಮರುದಿನ ಆಂಟಿಯನ್ನು ಅರೋರಾದ ಬಾಲಾಜಿ ದೇವಸ್ಥಾನಕ್ಕೆ ಕರೆದುಕೊಂಡು ಹೋದೆ. ದರ್ಶನ ಮುಗಿಸಿ ಕೆಳಗೆ ಪುಳಿಯೋಗರೆ ತಿನ್ನುತ್ತಿದ್ದಾಗ ಬೆಂಗಳೂರಿನ ಒಬ್ಬ ಅಂಕಲ್ ಬಂದು ಕೂತರು. ಆಂಟಿಯ ಎದುರಿಗೇ, ಕನ್ನಡದಲ್ಲಿ ಶುರು ಮಾಡಿದರು.

"ಇವರ ಜೊತೆ ಹೇಗಯ್ಯಾ ವರ್ಕ್ ಮಾಡ್ತೀಯ? ಈ ಆಫ್ರಿಕನ್ಸ್ ಇಂಗ್ಲಿಷ್ ನಂಗಂತೂ ಒಂದಕ್ಷರ ಫಾಲೋ ಆಗಲ್ಲಪ್ಪ. ನಮ್ಮದು ಬಿಡು, ನ್ಯೂಟ್ರಲ್ ಆಕ್ಸೆಂಟು."

ಆಮೇಲೆ ಆಂಟಿಯ ಕಡೆ ತಿರುಗಿ, ಕಿವುಡರಿಗೆ ಹೇಳುವ ಹಾಗೆ, "ಯೂ... ಲೈಕು... ದಿಸ್ಸು... ರೈಸು?" ಎಂದು ಕೂಗಿದರು.

ಆಫ್ರಿಕನ್ಸ್, ಇಂಗ್ಲಿಷ್ ಎಂಬ ಎರಡು ಪದಗಳಲ್ಲೇ ಆಂಟಿಗೆ ಎಲ್ಲ ಗೊತ್ತಾಗಿತ್ತು. ಕೈ ಒರೆಸಿಕೊಂಡು, ತಲೆಯನ್ನು ಅಂಕಲ್ಲಿನಷ್ಟೇ ಆಡಿಸಿ, "ವೆರಿ ಟೇಸ್ಟೀ ರೈಸು! ಬಟ್ಟು ಲಿಟ್ಲು ಮೋರು ಸಾಲ್ಟು ವಾಂಟೆಡ್ಡು, ನೋ?" ಎಂದರು.

ಅಂಕಲ್ ಬೆರಗಾದರು. "ನೋಡಯ್ಯಾ, ಇವರ ಇಂಗ್ಲಿಷ್ ಎಷ್ಟು ಕ್ಲಿಯರ್ ಆಗಿದೆ! ಯಾವುದೋ ಒಳ್ಳೆ ಕಾನ್ವೆಂಟಲ್ಲಿ ಓದಿರ್ಬೇಕು."

ಹಿಂದಿರುಗುವಾಗ ಆಂಟಿ ನಗಲಿಲ್ಲ. "ತನ್ನ ದನಿ ತನಗ ಕೇಳಿದ್ರ ಎಲ್ಲಾರಿಗೂ ಕ್ಲಿಯರ್ ಅನಸ್ತೈತಿ" ಎಂದಷ್ಟೇ ಹೇಳಿದರು.

ಅಂಥದೇ ಇನ್ನೊಬ್ಬ ಮಹಾಶಯ ನಮ್ಮ ಆಫೀಸಿನಲ್ಲೇ ಇದ್ದ. ನಮ್ಮ ಬಾಸು. ಶಿಕಾಗೊದ ದಕ್ಷಿಣ ಭಾಗದಲ್ಲಿ ಹುಟ್ಟಿ ಬೆಳೆದವನಾದ್ದರಿಂದ 'ದ್ಯಾಟ್', 'ದೀಸ್' ಎನ್ನದೆ 'ಡ್ಯಾಟ್', 'ಡೀಸ್' ಎಂದು ಆಂಟಿಯಂತೆಯೇ ಮಾತಾಡುತ್ತಿದ್ದ, ಆದರೆ ಅವನದು ಆಕ್ಸೆಂಟ್ ಎಂದು ಯಾರೂ ಹೇಳಿರಲಿಲ್ಲ. ಒಂದು ಸೋಮವಾರ ಅವನು ಆಕ್ಸೆಂಟ್ ಇರುವವರ ಪಟ್ಟಿ ಮಾಡಿದ. ನಾನು, ಆಂಟಿ, ಘಾನಾದವನು, ವಿಯೆಟ್ನಾಮಿನ ಒಬ್ಬಳು. ಫೋನಿನಲ್ಲಿ ನಮ್ಮ ಮಾತು ಸ್ಪಷ್ಟವಾಗುತ್ತಿಲ್ಲ, ತರಬೇತಿ ಕೊಡಿಸುತ್ತೇವೆ, ಸುಧಾರಿಸದಿದ್ದರೆ ಫೋನಿನ ಕೆಲಸವನ್ನು ಬೇರೆಯವರಿಗೆ ಕೊಡಬೇಕಾಗುತ್ತದೆ ಎಂದ. ಆಗ ವಾರಕ್ಕೊಬ್ಬರು ರಟ್ಟಿನ ಡಬ್ಬಿಯಲ್ಲಿ ಸಾಮಾನು ತುಂಬಿಕೊಂಡು ಹೊರಗೆ ನಡೆಯುತ್ತಿದ್ದರು. ಬೇರೆಯವರಿಗೆ ಕೊಡುವುದು ಎಂದರೆ ಏನೆಂದು ಎಲ್ಲರಿಗೂ ಗೊತ್ತಿತ್ತು. ಆಂಟಿಯ ಗಂಡನಿಗೆ ಡೆಟ್ರಾಯಿಟಿನಲ್ಲಿ ಕೆಲಸವಿರಲಿಲ್ಲ, ಮಗಳು ಕಾಲೇಜಿನಲ್ಲಿದ್ದಳು. ಆ ಮನೆ ನಿಂತಿದ್ದು ಈ ಒಂದು ಫೋನಿನ ಮೇಲೆ.

ಕಲಿಸಲು ಒಬ್ಬ ಹುಡುಗಿ ಬಂದಳು. ಎಲ್ಲರಿಗೂ ಒಂದೊಂದು ಪುಟ್ಟ ಕನ್ನಡಿ ಕೊಟ್ಟು, ತುಟಿ ಹೀಗಿರಲಿ, ದವಡೆ ಹಾಗಿರಲಿ ಎಂದು ಶುರು ಮಾಡಿದಳು. 'ವಾಟರ್' ಎನ್ನಬಾರದು, 'ವಾಡರ್' ಎನ್ನಬೇಕು. ಇನ್ನೊಂದು ನಿಯಮವನ್ನೂ ಹಾಕಿದಳು: ಫೋನಿನಲ್ಲಿ ಹೆಸರು ಹೇಳಿ, ವಿಷಯ ಹೇಳಿ, ಮುಗಿಸಿ. ಕುಶಲ ವಿಚಾರಿಸಬೇಡಿ.

ಇದು ಆಂಟಿಗೇ ಇಟ್ಟ ಗುರಿ. ಯೊರುಬಾದಲ್ಲಿ ಕೂತವರಿಗೆ ಒಂದು ನಮಸ್ಕಾರ, ನಡೆಯುವವರಿಗೆ ಒಂದು, ದುಡಿಯುವವರಿಗೆ ಇನ್ನೊಂದು. ಅದನ್ನು ಬಿಟ್ಟು ನೇರವಾಗಿ ವಿಷಯಕ್ಕೆ ಬರುವವರು ಸಾಲ ವಸೂಲಿಗೆ ಬಂದವರು ಅಥವಾ ಪೊಲೀಸಿನವರು ಎಂದೇ ಅಲ್ಲಿ ಲೆಕ್ಕ. ಡೆಟ್ರಾಯಿಟಿನ ಪ್ಲಾಂಟಿನಲ್ಲಿ ಪೋಲೆಂಡ್ ಮೂಲದ ಒಬ್ಬ ಮುದಿ ಫೋರ್‌ಮನ್ ಇದ್ದ. ಅವನ ಇಂಗ್ಲಿಷ್ ಆಂಟಿಗೆ, ಆಂಟಿಯ ಇಂಗ್ಲಿಷ್ ಅವನಿಗೆ ಅರ್ಧ ಅರ್ಥವಾಗುತ್ತಿತ್ತು. ಆಂಟಿ ಫೋನ್ ಮಾಡಿದರೆ ಮೊದಲು ಅವನ ಮಂಡಿನೋವು, ಆಮೇಲೆ ಅವನ ಹೆಂಡತಿ, ಆಮೇಲೆ ನಾಯಿ, ಕೊನೆಗೆ ಯಾವ ದಿನದ ಮಾಲನ್ನು ನಂಬಬಾರದು ಎಂಬ ಮಾತು. ಬಾಸಿನ ಕಣ್ಣಿಗೆ ಇದೆಲ್ಲ ಕಾಲಹರಣ.

ನಾನು ಸ್ನಾನದ ಮನೆಯಲ್ಲೂ ವಾಡರ್, ವಾಡರ್ ಎಂದು ಸಾಧನೆ ಮಾಡಿದೆ. ಆಂಟಿ ಏನೂ ಮಾಡಲಿಲ್ಲ. ಪರೀಕ್ಷೆಯ ದಿನ ಗಂಟಲು ಸರಿಮಾಡಿಕೊಂಡು ಫೋನ್ ಎತ್ತಿದರು. ಬಂದದ್ದು ಆ ಕಲಿಸುವ ಹುಡುಗಿಯದೇ ದನಿ, ಕೊನೆಯ ಸಣ್ಣ ನಗೆಯ ಸಮೇತ. ಹುಡುಗಿಯ ಮುಖ ಬಿಳಿಚಿಕೊಂಡಿತು. ಬಾಸು ಮಾತ್ರ ಕುರ್ಚಿಯಿಂದ ಎದ್ದೇಬಿಟ್ಟ.

"ಇದು ಅದ್ಭುತ! ಇಷ್ಟು ಸ್ಪಷ್ಟವಾಗಿ ಮಾತನಾಡಲು ಬರುತ್ತಿದ್ದರೆ ಮೊದಲೇ ಏಕೆ ಮಾತನಾಡಲಿಲ್ಲ?"

ಆ ಶುಕ್ರವಾರ ವ್ಯಾನಿನಲ್ಲಿ ನಾನು ಅಭಿನಂದಿಸಿದೆ. "ಅದು ವೇಷ ತಮ್ಮಾ" ಎಂದರು ಆಂಟಿ. "ವೇಷ ಹಾಕ್ಕೊಂಡು ದುಡೀಬೇಕು ಅಂದ್ರ ದುಡೀತೀನಿ. ಮನಿ ಉಳಿಬೇಕಲ್ಲ." ಅವತ್ತು ಅವರು ಯಾರ ಅಣಕೂ ಮಾಡಲಿಲ್ಲ. ಮುಂದಿನ ಶುಕ್ರವಾರವೂ ಇಲ್ಲ. ಘಾನಾದವನು ಬೇಕೆಂದೇ 'ವೆಕ್, ವೆಕ್' ಎಂದು ಕೆಣಕಿದರೂ ಆಂಟಿ ರಸ್ತೆ ನೋಡುತ್ತಿದ್ದರು. ನನಗೆ ಸಂಕಟವಾಯಿತು. ಬೈಯುವ ಮನುಷ್ಯರು ಬೈಯುವುದನ್ನು ನಿಲ್ಲಿಸಿದರೆ ಮನೆಯಲ್ಲಿ ಯಾರೋ ಕಾಯಿಲೆ ಬಿದ್ದ ಹಾಗಿರುತ್ತದೆ.

ಆಂಟಿಯ ಫೋನ್ ಕರೆಗಳು ಚಿಕ್ಕವಾದವು. ಬಾಸು ಖುಷಿಯಾಗಿದ್ದ. ಆಮೇಲೆ ಡೆಟ್ರಾಯಿಟಿನ ಪ್ಲಾಂಟಿನಿಂದ ಬಂದ ಉಂಗುರದಂಥ ಬಿಡಿಭಾಗಗಳು ಸೀಳು ಬಿಡತೊಡಗಿದವು, ಗ್ರಾಹಕರು ಲಾರಿಗಟ್ಟಲೆ ವಾಪಸು ಕಳಿಸಿದರು. ಗುಣಮಟ್ಟ ನೋಡಬೇಕಾದವರು ಯಾರು? ಆಂಟಿ. ಬಾಸು ಅವರನ್ನು ಮೀಟಿಂಗ್ ರೂಮಿಗೆ ಕರೆದ; ಸೀಳನ್ನು ಪರೀಕ್ಷಿಸಿದವನೆಂದು ನನ್ನನ್ನೂ ಕೂರಿಸಿದ. ಮೇಜಿನ ಮೇಲೆ ಆಂಟಿಯ ಹೆಸರಿದ್ದ ಒಂದು ಲಕೋಟೆಯಿತ್ತು. ಅಂಥ ಲಕೋಟೆಗಳಲ್ಲಿ ಏನಿರುತ್ತದೆ ಎಂದು ಆಗ ಕಾಫಿ ಮಷೀನಿಗೂ ಗೊತ್ತಿತ್ತು.

"ನನ್ನ ಎದುರಿಗೇ ಕರೆ ಮಾಡಿ. ಪ್ಲಾಂಟಿನವರು ಏನು ಹೇಳುತ್ತಾರೋ ಕೇಳೋಣ" ಎಂದ ಬಾಸು.

ಆಂಟಿ ಸ್ಪೀಕರ್ ಹಾಕಿ, ಆ ಹುಡುಗಿಯ ದನಿಯಲ್ಲಿ, ಹೆಸರು ಹೇಳಿ, ವಿಷಯ ಹೇಳಿದರು. ಹೆಸರು ಕೂಡ ಅಮೆರಿಕನ್ನರು ಹೇಳುವ ಹಾಗೆ ಸೊಟ್ಟಗೇ ಬಂತು.

"ಎಲ್ಲ ಸರಿ ಇದೆ ಮೇಡಂ" ಎಂದ ಫೋರ್‌ಮನ್.

"ಬಿಸಿ ಮಾಡುವ ಕುಲುಮೆ?"

"ಎಲ್ಲ ಸರಿ ಇದೆ ಮೇಡಂ."

ಬಾಸು ಲಕೋಟೆಯ ಮೇಲೆ ಬೆರಳಿಟ್ಟ. ಆಂಟಿ ಅದನ್ನು ನೋಡಿದರು. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಫೋನನ್ನು ಹತ್ತಿರಕ್ಕೆ ಎಳೆದುಕೊಂಡು, ಹೇಗಿದ್ದರೂ ಹೋಗುವ ಕೆಲಸ ಎಂದುಕೊಂಡರೋ ಏನೋ, ಬಾಯಿ ಬಿಟ್ಟರು.

"ಓಹೋ ಅಜ್ಜಾ! ದುಡ್ಯಾಕತ್ತೀಯೇನು? ಭೇಷ್, ಭೇಷ್! ಮಣಕಾಲು ಹೆಂಗದಾವು? ನೀ ಗೊರಕಿ ಹೊಡೀತಿ ಅಂತ ನಿನ್ನ ಹೇಣ್ತಿ ಈಗೂ ಬ್ಯಾರೆ ಖೋಲ್ಯಾಗ ಮಲಗತಾಳೇನು?"

ಆ ಕಡೆಯಿಂದ ಮುದುಕ ಕೂಗಿಯೇಬಿಟ್ಟ.

"ನೀನಾ? ಎಲ್ಲಿ ಹಾಳಾಗಿ ಹೋಗಿದ್ದೆ? ನಿನ್ನನ್ನ ಕೆಲಸದಿಂದ ತೆಗೆದುಬಿಟ್ರು ಅಂದ್ಕೊಂಡಿದ್ದೆ. ಯಾರು ಆ ಹೊಸ ಹೆಂಗಸು? ಅವಳ ದನಿ ಕೇಳಿದ್ರೆ ನಮ್ಮ ಪ್ಲಾಂಟಿಗೆ ಬೀಗ ಹಾಕೋಕೆ ಬಂದೋಳ ಥರ ಇದೆ. ಅವಳು ಏನು ಕೇಳಿದ್ರೂ ಎಲ್ಲ ಸರಿ ಇದೆ ಅನ್ನಿ ಅಂತ ಹುಡುಗರಿಗೆಲ್ಲ ಹೇಳಿಟ್ಟಿದೀನಿ."

"ಭಾಳ ಛಲೋ ಮಾಡಿದಿ" ಎಂದರು ಆಂಟಿ, ಬಾಸಿನ ಮುಖ ನೋಡುತ್ತ. "ಆಕಿ ಹೋದಳು. ಇನ್ನ ಬರೂದಿಲ್ಲ. ಈಗ ನಿನ್ನ ಕುಲುಮಿ ಕತಿ ಹೇಳು."

ಮುದುಕ ಹೇಳಿದ. ರಿಪೇರಿಯವನನ್ನು ಮನೆಗೆ ಕಳಿಸಿದಾಗಿನಿಂದ ಕುಲುಮೆಯ ಬಾಗಿಲು ಸರಿಯಾಗಿ ಮುಚ್ಚುತ್ತಿಲ್ಲ. ಬಾಯಿ ಬಿಟ್ಟರೆ ಪ್ಲಾಂಟನ್ನೇ ಮುಚ್ಚುತ್ತಾರೆಂದು ಎಲ್ಲರಿಗೂ ಹೆದರಿಕೆ. ಆ ಕಾಲದಲ್ಲಿ ಫೋನಿನಲ್ಲಿ ಹೊಸ ದನಿ ಬಂತೆಂದರೆ ಹಳೆಯ ದನಿಯವರು ಬೀದಿಗೆ ಬಿದ್ದರು ಎಂದೇ ಅರ್ಥವಾಗಿತ್ತು. ನಮ್ಮ ಬಾಸು ತನ್ನ ದುಡ್ಡಿನಲ್ಲೇ ಒಂದು ಸ್ಪಷ್ಟವಾದ ದನಿ ತಯಾರಿಸಿ, ಅದಕ್ಕೆ ಯಾರೂ ನಿಜ ಹೇಳದಂತೆ ಮಾಡಿಕೊಂಡಿದ್ದ. ಅವನ ಕಿವಿ ಕೆಂಪಾಗಿತ್ತು. ಲಕೋಟೆ ಡ್ರಾಯರಿನೊಳಗೆ ಹೋಯಿತು.

"ನಾಳೆಯಿಂದ ನಿಮಗೆ ಅನುಕೂಲವಾದಂತೆ ಮಾತನಾಡಿ" ಎಂದ.

"ಟ್ಯಾಂಕ್ ಯೂ" ಎಂದರು ಆಂಟಿ, ಇಬಾದಾನಿಗೆ ಕೇಳುವಷ್ಟು ಗಟ್ಟಿಯಾಗಿ.

ತರಬೇತಿ ನಿಂತಿತು. ಕೆಲಸ ಹೋದದ್ದು ಆ ಹುಡುಗಿಯದು. ಅವಳು ಕನ್ನಡಿಗಳನ್ನು ಡಬ್ಬಿಗೆ ತುಂಬುತ್ತ ತಾಯಿಗೆ ಫೋನ್ ಮಾಡಿ ಅಳುತ್ತಿದ್ದಳು. ಆ ಅಳುವಿನ ಇಂಗ್ಲಿಷ್ ನಮಗೆ ಕಲಿಸಿದ್ದಾಗಿರಲಿಲ್ಲ. ಕೆಂಟಕಿಯ ಹಳ್ಳಿಯದು, ಒಂದೊಂದು ಅಕ್ಷರವನ್ನೂ ಎಳೆದು ಎಳೆದು ಆಡುವಂಥದು. ಆಂಟಿ ಬಾಗಿಲಲ್ಲೇ ನಿಂತುಬಿಟ್ಟರು. "ಅಯ್ಯ, ಈ ಹುಡುಗಿಗೂ ಒಂದು ಊರೈತಿ ನೋಡಪಾ! ಇಷ್ಟ ದಿನ ಎಲ್ಲಿ ಮುಚ್ಚಿಟ್ಟಿದ್ಲು?" ಎಂದವರು ತಮ್ಮ ಊಟದ ಡಬ್ಬಿಯನ್ನು ಅವಳ ಕೈಗಿಟ್ಟು, ತಿಂದು ಮುಗಿಸುವವರೆಗೂ ಪಕ್ಕದಲ್ಲಿ ಕೂತರು.

ಶುಕ್ರವಾರದ ವ್ಯಾನಿನಲ್ಲಿ ಮತ್ತೆ ಆಫ್ರಿಕಾ ತುಂಬಿತು. ಆಂಟಿ ವೇಷ ಕಳಚಿದರು. ನನ್ನದು ಮಾತ್ರ ಅಂಟಿಕೊಂಡುಬಿಟ್ಟಿತು. ನನ್ನ ವಾಡರ್ ವಾಡರಾಗಿಯೇ ಉಳಿಯಿತು, ಅದರ ಮೇಲೆ ಪ್ರಮೋಷನ್ನುಗಳೂ ಬಂದವು. ಆಮೇಲೆ ಹುಟ್ಟಿದ ಮಗಳ ಜೊತೆ ಅದೇ ಇಂಗ್ಲಿಷಿನಲ್ಲಿ ಮಾತಾಡಿದೆ, ಹೆಂಡತಿಯ ಜೊತೆ ಅವಳ ಮೈಸೂರು ಕನ್ನಡ ಆಡಿದೆ. ಮನೆಯಲ್ಲಿ ಶಾಂತಿ ಇತ್ತು.

ಪಾರ್ಟಿಗೆ ಹಸಿರು ಬಟ್ಟೆ ತೊಟ್ಟು ಹೋದೆವು. ಘಾನಾದವನು "ಫೆಸ್ಟ್ ಆಫ್ ಆಲ್" ಎಂದು ಶುರು ಮಾಡಿದಾಗಲೇ ಅರ್ಧ ಸಭೆ ನಕ್ಕಿತ್ತು. ಫೋರ್‌ಮನ್ ಅಜ್ಜ ಕೋಲೂರಿಕೊಂಡು ಬಂದು ಏನೋ ಹೇಳಿದ, ಯಾರಿಗೂ ತಿಳಿಯಲಿಲ್ಲ, ಎಲ್ಲರೂ ಚಪ್ಪಾಳೆ ತಟ್ಟಿದರು. ಆಮೇಲೆ ನಾನು. ಬರೆದುಕೊಂಡು ಬಂದ ಹಾಳೆ ಬಿಡಿಸಿ, ದವಡೆ ಸರಿಮಾಡಿಕೊಂಡು, "ಗುಡ್ ಈವ್ನಿಂಗ್ ಎವ್ರಿವನ್" ಎಂದು ಓದತೊಡಗಿದೆ.

ಮುಂದೆ ಕುರ್ಚಿಯಲ್ಲಿ ಕೂತಿದ್ದ ಆಂಟಿ ಕೈ ಎತ್ತಿದರು. "ಯಾಂವ ಇಂವ? ನನ್ನ ಇಂಡಿಯನ್ ಹುಡುಗ ಎಲ್ಲಿ? ಅವನ್ನ ಕೆಲಸದಿಂದ ತಗದ್ರೇನು?"

ಸಭೆಯೆಲ್ಲ ನಕ್ಕಿತು, ಎಲ್ಲರಿಗಿಂತ ಜೋರಾಗಿ ಅಜ್ಜ. ನನಗೆ ನಗು ಬರಲಿಲ್ಲ. ಹಾಳೆ ಮಡಚಿ ಜೇಬಿಗಿಟ್ಟೆ.

"ಆಂಟೀ, ಊಟ ಆತೇನ್ರಿ?" ಎಂದೆ.

ಅವರು ತಲೆಗೆ ಸುತ್ತಿದ್ದ ಹಸಿರು ಬಟ್ಟೆ ಸರಿಮಾಡಿಕೊಂಡು ಎದ್ದು ನಿಂತರು. "ಆತು, ನಿಂದು?"

ನಂದು ಆಗಿರಲಿಲ್ಲ. ಅದನ್ನೇ ಮೈಕಿನಲ್ಲಿ ಹೇಳಿದೆ, ಹುಬ್ಬಳ್ಳಿಯ ಇಂಗ್ಲಿಷಿನಲ್ಲಿ, ಶಬ್ದಕ್ಕೊಂದು ಉಕಾರ ಸೇರಿಸಿ, ತಲೆ ಆಡಿಸಿ. ವ್ಯಾನಿನ ಕತೆ ಹೇಳಿದೆ, ಫೋನು ಮತ್ತು ಫೋನಿನ ಸಂಬಂಧ ಹೇಳಿದೆ. ಆಂಟಿ ಮಂಡಿ ತಟ್ಟಿಕೊಂಡು ಕೇಳಿದರು.

ಮುಂದಿನ ಸಾಲಿನಲ್ಲಿದ್ದ ನನ್ನ ಮಗಳು ತಾಯಿಯ ಕಡೆ ವಾಲಿ, "ಅಮ್ಮಾ, ಹೂ ಈಸ್ ದ್ಯಾಟ್?" ಎಂದದ್ದು ಮೈಕಿನ ಹತ್ತಿರವಿದ್ದ ನನಗೂ ಕೇಳಿಸಿತು.

"ನಿಮ್ಮಪ್ಪ ಕಣೇ" ಎಂದಳು ಹೆಂಡತಿ.